ಬಗ್ಗಬೇಡಿ ಎಂದು ಹೇಳುವ ಕೆಲಸ

ತೊಂಬತ್ತರ ದಶಕದ ಮಾತು. ಪರದೇಶದ ಕಣ್ಣಿನ ಡಾಕ್ಟರರ ತಂಡವೊಂದು ಮುನವಳ್ಳಿಯ ಶಾಲೆಯೊಂದರಲ್ಲಿ ಶಿಬಿರ ಹೂಡಿತ್ತು. ಬೈಲಹೊಂಗಲದಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದ ನಾನು ಅವರ ಮಾತು ಕನ್ನಡಕ್ಕೆ ತಿರುಗಿಸಲು ಸ್ವಯಂಸೇವಕನಾಗಿ ಹೋದೆ. ಸೇವೆಯ ಹುಚ್ಚು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಿಜವಾದ ಹುಚ್ಚು, ನನ್ನ ಇಂಗ್ಲಿಷನ್ನು ಒಬ್ಬರಾದರೂ ಬಿಳಿಯರು ಕೇಳಲಿ ಎಂಬುದು. ಅದಕ್ಕೆಂದೇ ಸಫಾರಿ ಸೂಟು ಹೊಲಿಸಿದ್ದೆ.

ಅಲ್ಲಿ ನನಗೆ ಸಿಕ್ಕ ಕೆಲಸ ಬಲು ಸಣ್ಣದು. ಪೊರೆ ತೆಗೆಸಿಕೊಂಡವರಿಗೆಲ್ಲ "ಬಗ್ಗಬ್ಯಾಡ್ರಿ, ತಲಿ ಮ್ಯಾಲೆ ನೀರ ಹಾಕ್ಕೋಬ್ಯಾಡ್ರಿ" ಎಂದು ಹೇಳುವುದು. ಬಗ್ಗಿದರೆ ಹೊಲಿಗೆ ಬಿಚ್ಚಿ ಕಣ್ಣೇ ಹೋದೀತು ಎಂದು ಆ ತಂಡದ ಬಿಳಿಯ ಡಾಕ್ಟರಮ್ಮ ಎಚ್ಚರಿಸಿದ್ದಳು. ಅಷ್ಟು ಹೇಳಿ ಸುಮ್ಮನಿದ್ದರೆ ನಾನು ಮಾಸ್ತರ ಹೇಗಾದೇನು? ಊಟದ ಹೊತ್ತಿನಲ್ಲಿ ಆಕೆಗೆ ನಮ್ಮ ಸಂಸ್ಕೃತಿಯ ಪಾಠ ಸುರು ಮಾಡಿದೆ. ಹಿರಿಯರನ್ನು ಕಂಡರೆ ಹೀಗೆ ಕಾಲು ಮುಟ್ಟುತ್ತೇವೆ ಎಂದು ರೊಟ್ಟಿಯ ತಾಟು ಬದಿಗಿಟ್ಟು ಬಗ್ಗಿ ತೋರಿಸಿದೆ. ನನ್ನ ಇಡೀ ನೌಕರಿಯಲ್ಲಿ ಒಂದೇ ಸಲಕ್ಕೆ ಕಲಿತ ವಿದ್ಯಾರ್ಥಿನಿ ಆಕೆಯೊಬ್ಬಳೇ.

ರೋಗಿಗಳಲ್ಲಿ ನನ್ನ ಸೋದರತ್ತೆಯೂ ಇದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಆಕೆಯ ಒಂದು ಕಣ್ಣು ಎಂದೋ ಹೋಗಿತ್ತು, ಉಳಿದದ್ದರಲ್ಲಿ ಪೊರೆ ಬೆಳೆದಿತ್ತು. "ಇದೂ ಹೋತಂದ್ರ ದಿನಾ ನೀನ ನನ್ನ ಕೈ ಹಿಡದು ಅಡ್ಡಾಡಸಬೇಕು, ವಿಚಾರ ಮಾಡು" ಎಂದು ಅಂಜಿಸಿದ್ದಳು. ಒಲ್ಲೆನೆಂದವಳನ್ನು ನಾನೇ ಜುಲುಮೆ ಮಾಡಿ ಕರೆತಂದಿದ್ದೆ.

ಆಪರೇಶನ್ ಆದ ಮರುದಿನ ಪಟ್ಟಿ ಬಿಚ್ಚಿದರು. ಅತ್ತೆ ಕಣ್ಣು ಪಿಳುಕಿಸುತ್ತ ಎದ್ದು ನಿಂತಳು. ಡಾಕ್ಟರಮ್ಮ ನನ್ನತ್ತ ಒಮ್ಮೆ ನೋಡಿ ನಕ್ಕು, ಕಲಿಸಿದ್ದನ್ನು ಚಾಚೂ ತಪ್ಪದೆ, ಅತ್ತೆಯ ಪಾದ ಮುಟ್ಟಿದಳು.

"ಅಯ್ಯ ನಮ್ಮವ್ವ! ನನಗ್ಯಾಕ ಪಾಪ ಹಚ್ಚತಿ?" ಎನ್ನುತ್ತ ಅತ್ತೆ ಆಕೆಯ ಕಾಲು ಮುಟ್ಟಲು ಬಗ್ಗಿದಳು.

ನಾನು ಹಾರಿಬಿದ್ದು ಅತ್ತೆಯ ಹಣೆಗೆ ಎರಡೂ ಕೈ ಕೊಟ್ಟು ತಡೆದೆ. ಸಫಾರಿ ಪ್ಯಾಂಟು ಹಿಂದೆ ಪರ್ರೆಂದಿತು. ಇಷ್ಟು ವರ್ಷ ಕಲಿಸಿದ ಇಂಗ್ಲಿಷಿನ ಒಂದು ಶಬ್ದವೂ ಬಾಯಿಗೆ ಬರಲಿಲ್ಲ. "ಏಳವಾ ತಾಯಿ, ಮೊದಲ ಏಳು!" ಎಂದು ಡಾಕ್ಟರಮ್ಮನಿಗೆ ಕನ್ನಡದಲ್ಲೇ ಒದರಿದೆ.

ಆಕೆ ಗಾಬರಿಯಾಗಿ ಟಾರ್ಚು ಹಿಡಿದು ಕಣ್ಣನ್ನು ನೋಡಿದಳು, ಮತ್ತೆ ನೋಡಿದಳು. ಹೊಲಿಗೆ ಗಟ್ಟಿಯಾಗಿದೆ ಎಂದಳು. ಬಗ್ಗಬಾರದೆಂದು ಈಕೆಗೆ ಹೇಳಿರಲಿಲ್ಲವೇ ಎಂದು ನನ್ನನ್ನು ಕೇಳಿದಳು. ನಾನು ಅತ್ತೆಯನ್ನು ಕೇಳಿದೆ.

"ಹೇಳಿದ್ದಿ, ನೆನಪಿತ್ತು. ಕಣ್ಣ ಕೊಟ್ಟಾಕಿ ಕಾಲ ಮುಟ್ಟಿದ್ರ, ನಾ ಕಣ್ಣ ಕಾಯ್ಕೊಂಡ ಸೆಟದ ನಿಂದರಲೇನು?"

ಡಾಕ್ಟರಮ್ಮನಿಗೆ ಇದನ್ನು ತಿರುಗಿಸಿ ಹೇಳಬೇಕಿತ್ತು. ಹರಿದ ಪ್ಯಾಂಟು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದರಿಂದ ಕಣ್ಣೊರೆಸಿಕೊಂಡೆ. ಅತ್ತೆ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಅಳಬ್ಯಾಡೋ. ನಿನ್ನ ಮೀಸಿ ಬೆಳ್ಳಗಾಗಿದ್ದೂ ಕಾಣಾಕ ಹತ್ತೈತಿ."