ಬಣ್ಣಕ್ಕೆ ಅದ್ದದ ಮೊಟ್ಟೆ

ಮೊನ್ನೆ ಅಂಗಡಿಯೊಂದರಲ್ಲಿ ಜೇನುಮೇಣದ ಮೊಂಬತ್ತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅಬುಧಾಬಿಯ ಖಾಲಿದಿಯಾದಲ್ಲಿದ್ದ ನಮ್ಮ ಹಳೆಯ ಫ್ಲ್ಯಾಟು, ಪಕ್ಕದ ರೂಮಿನ ಉಕ್ರೇನಿನ ಹೆಂಗಸು... ಎಲ್ಲ ಕಣ್ಣ ಮುಂದೆ ಬಂತು.

ಆಕೆ ಹೋಟೆಲೊಂದರ ಬೇಕರಿಯಲ್ಲಿದ್ದಳು. ಅವಳದೊಂದು ರೂಮು, ನನ್ನದು ಮತ್ತು ಗಂಡನದು ಇನ್ನೊಂದು, ಅಡುಗೆಮನೆ ಎಲ್ಲರಿಗೂ ಸೇರಿ. ನನಗಿಂತ ದೊಡ್ಡವಳು, ಅಕ್ಕ ಎಂದೇ ಕರೆಯುತ್ತಿದ್ದೆ. ಈಸ್ಟರ್ ಹತ್ತಿರ ಬಂದರೆ ಹಸಿ ಮೊಟ್ಟೆ ಹಿಡಿದು ಕೂರುತ್ತಿದ್ದಳು. ಕಡ್ಡಿಯ ತುದಿಗೆ ಕಟ್ಟಿದ ಪುಟ್ಟ ಹಿತ್ತಾಳೆ ಕೊಳವೆಯನ್ನು ದೀಪಕ್ಕೆ ಹಿಡಿದು, ಕರಗಿದ ಮೇಣದಲ್ಲಿ ಗೆರೆ ಎಳೆದು, ಆಮೇಲೆ ಬಣ್ಣಕ್ಕೆ ಅದ್ದುವುದು. ಮೇಣ ಕೂತಲ್ಲಿ ಬಣ್ಣ ಹಿಡಿಯದು. ಕೊನೆಗೆ ಮೇಣ ಕರಗಿಸಿ ಒರೆಸಿದಾಗ ಮೂಡುತ್ತಿದ್ದ ಚಿತ್ತಾರ ನೋಡಿಯೇ ತಿಳಿಯಬೇಕು ಮಾರಾಯ್ರೆ! ದೀಪದ ಹೊಗೆಗೆ ಚಾವಣಿಯ ಅಲಾರಾಂ ಹೊಡೆದರೆ ನಾವೆಲ್ಲ ಖಲಾಸ್ ಎಂದು ಗೊಣಗುತ್ತಲೇ ನನ್ನ ಗಂಡ ಕುರ್ಚಿ ಹತ್ತಿ, ಅದಕ್ಕೆ ನನ್ನ ಸ್ನಾನದ ಟೊಪ್ಪಿ ತೊಡಿಸುತ್ತಿದ್ದರು.

ಆಕೆಗೆ ಒಬ್ಬನೇ ಮಗ. ಅವರ ದೇಶದ ಪೂರ್ವದಲ್ಲಿ ಯುದ್ಧ ಶುರುವಾದ ವರ್ಷ ಅವನನ್ನು ಸೈನ್ಯಕ್ಕೆ ಕರೆದರು. ಬೇಸಿಗೆ ಮುಗಿಯುವುದರೊಳಗೆ ಸುದ್ದಿ ಬಂತು. ಸತ್ತನೆಂದಲ್ಲ, ಸೆರೆ ಸಿಕ್ಕನೆಂದೂ ಅಲ್ಲ. ಕಾಣೆಯಾಗಿದ್ದಾನಂತೆ. ಅಂಥ ಹಾಳು ಸುದ್ದಿ ಶತ್ರುವಿಗೂ ಬೇಡ.

ಮರುವರ್ಷ ಈಸ್ಟರಿಗೆ ಮಗನ ಹೆಸರಿನಲ್ಲಿ ಒಂದೇ ಮೊಟ್ಟೆ ಬರೆದಳು. ಸುತ್ತಲೂ ಗೋಧಿಯ ತೆನೆ. ಬರೆದು ಮುಗಿದರೂ ಅದ್ದಲಿಲ್ಲ. ಎದುರಿಗೆ ಎರಡು ಬಟ್ಟಲು, ಒಂದರಲ್ಲಿ ಕೆಂಪು, ಒಂದರಲ್ಲಿ ಕಪ್ಪು. ಬದುಕಿದ್ದವರಿಗೆ ಕೆಂಪು, ಗೋರಿಯ ಮೇಲೆ ಇಡುವುದಕ್ಕೆ ಕಪ್ಪು, ಅದು ಅವಳ ಅಜ್ಜಿ ಕಲಿಸಿದ ಕ್ರಮ. ಚಹಾ ಆರಿತು, ಆಕೆ ಕೂತೇ ಇದ್ದಳು. ನನಗೆ ತಡೆಯಲಾಗಲಿಲ್ಲ.

“ಕೆಂಪಿಗೆ ಹಾಕಿ ಅಕ್ಕ, ಬರ್ತಾನೆ.”

ಅವಳ ಮುರುಕು ಇಂಗ್ಲಿಷು ಅಂದು ನನಗೆ ಸರಿಯಾಗಿಯೇ ಅರ್ಥವಾಯಿತು.

“ಸತ್ತಿದ್ದರೆ? ಅವನ ಗೋರಿಗೆ ಇಡಲು ಒಂದು ಮೊಟ್ಟೆಯೂ ಇರುವುದಿಲ್ಲ. ಕಪ್ಪಿಗೆ ಹಾಕಿದರೆ ನಾನೇ ಕೊಂದ ಹಾಗೆ.”

ಎರಡೂ ಬಟ್ಟಲನ್ನು ಸಿಂಕಿಗೆ ಸುರಿದಳು. ಮೊಟ್ಟೆಯನ್ನು ಹಾಗೆಯೇ ಫ್ರಿಜ್ಜಿನ ಮೇಲಿಟ್ಟಳು. ಪ್ರತಿ ಈಸ್ಟರಿಗೆ ಇಳಿಸುವಳು, ತಿರುಗಿಸಿ ನೋಡುವಳು, ಮತ್ತೆ ಮೇಲಿಡುವಳು. ನಾನು ಆಮೇಲೆ ಬಾಯಿ ಹಾಕಲಿಲ್ಲ.

ಕೊನೆಗೊಂದು ವರ್ಷ ಕೆಲಸ ಬಿಟ್ಟಳು, ತಾನೇ ಹೋಗಿ ಹುಡುಕುತ್ತೇನೆಂದು. ಹೋಗಬೇಡಿ ಎಂದು ನಾವಿಬ್ಬರೂ ಎಷ್ಟು ಹೇಳಿದೆವೋ... ಮೊಟ್ಟೆಯನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಅಲ್ಲಿಂದ ಕೆಲವು ತಿಂಗಳು ಮೆಸೇಜು ಬಂತು. ಇವತ್ತು ಈ ಆಸ್ಪತ್ರೆ, ನಾಳೆ ಆ ಊರು. ಆಮೇಲೆ ಅದೂ ನಿಂತಿತು. ಯುದ್ಧ ಇನ್ನೂ ದೊಡ್ಡದಾಗಿ ಹಬ್ಬಿದ ಮೇಲೆ ಅವಳ ಫೋನು ರಿಂಗಾಗುವುದೂ ಇಲ್ಲ.

ನಿನ್ನೆ ಅವಳ ಹೆಸರಿನಲ್ಲಿ ಒಂದು ಬಲಿಪೂಜೆಯಾದರೂ ಕೊಡಿಸೋಣವೆಂದು ಇಗರ್ಜಿಗೆ ಹೋದೆ. ಚರ್ಚಿನ ಆಫೀಸಿನಲ್ಲಿ ಕೂತಿದ್ದ ಹೆಂಗಸು ನಮ್ಮ ಕುಂದಾಪುರದ ಕಡೆಯವರೇ. ಹೆಸರು ಬರೆದುಕೊಂಡು ತಲೆ ಎತ್ತಿದರು.

“ಇದ್ದವರಿಗಾ, ತೀರಿ ಹೋದವರಿಗಾ?”

ಆಮೇಲೆ ಬರುತ್ತೇನೆಂದು ಎದ್ದು ಬಂದೆ.