ಪಡಸಾಲೆಯಲ್ಲೊಂದು ಹರಿಗೋಲು

ಕೊಣ್ಣೂರಿನಲ್ಲಿ ನಮ್ಮ ಮನೆ ಹೊಳೆಯಿಂದ ಕೂಗಳತೆ ದೂರದಲ್ಲಿತ್ತು. ಮನೆ ಎಂದರೆ ಏನು ಮಹಾ, ಒಂದು ಅಡುಗೆಮನೆ, ಒಂದು ಪಡಸಾಲೆ. ಪಡಸಾಲೆಯ ತಗ್ಗಿನ ಅರ್ಧದಲ್ಲಿ ಎರಡು ಎತ್ತು, ಕಟ್ಟೆಯ ಮೇಲಿನ ಅರ್ಧದಲ್ಲಿ ಅಪ್ಪ, ಅವ್ವ, ಅಕ್ಕ, ನಾನು. ಹೊಳೆ ಬತ್ತಿತೆಂದರೆ ಹರಿಗೋಲೂ ಬಂದು ನಮ್ಮ ಜೊತೆ ಸಂಸಾರ ಹೂಡುತ್ತಿತ್ತು. ಬಿದಿರಿನ ಹೆಣಿಗೆಗೆ ಎಮ್ಮೆಯ ತೊಗಲು ಹೊಲಿದ ದುಂಡನೆಯ ದೋಣಿ ಅದು. ನಾಲ್ಕು ಮೊಳ ಅಗಲ.

ನಮಗಿದ್ದ ತುಂಡು ಹೊಲ ಹೊಳೆಯ ಆಚೆ ದಂಡೆಗಿತ್ತು. ಮಳೆಗಾಲದಲ್ಲಿ ಹರಿಗೋಲು ಇಲ್ಲದಿದ್ದರೆ ಹೊಲವೂ ಇಲ್ಲ. ಎತ್ತು ತುಳಿದು ಅಪ್ಪನ ಮೊಣಕಾಲು ಸೊಟ್ಟಗಾದ ಮೇಲೆ ಹುಟ್ಟು ಹಾಕುವ ಕೆಲಸ ಅಕ್ಕನದಾಯಿತು. ಅವಳಿಗೆ ಅದು ಕೆಲಸ ಅನ್ನಿಸಲೇ ಇಲ್ಲ. ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಬುತ್ತಿಗಂಟನ್ನೂ ಅಪ್ಪನನ್ನೂ ಒಂದು ಕಡೆ ಕೂರಿಸಿ, ಕೆಂಪು ನೀರನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತಿದ್ದಳು. ನಾನು ಮಾತ್ರ ಆ ಹುಟ್ಟನ್ನು ಒಂದು ದಿನವೂ ಮುಟ್ಟಿದವಳಲ್ಲ. ನನಗೂ ಹರಿಗೋಲಿಗೂ ಹಾವು ಮುಂಗುಸಿ.

ಯಾಕೆಂದರೆ ಬೇಸಿಗೆಯಲ್ಲಿ ಅದು ನುಂಗುತ್ತಿದ್ದುದು ನಾನು ಮಲಗುವ ಜಾಗವನ್ನು. ಹೊರಗಿಟ್ಟರೆ ನಾಯಿಗಳು ತೊಗಲು ಕಡಿಯುತ್ತವೆ. ಮಾಳಿಗೆಯ ಮೇಲಿಟ್ಟರೆ ಬಿಸಿಲಿಗೆ ಬಿರುಕು ಬಿಡುತ್ತದೆ. ಎತ್ತಿನ ಪಕ್ಕ ಇಟ್ಟರೆ ಕೊಂಬಿನ ತಿವಿತ. ಹೀಗಾಗಿ ಕಟ್ಟೆಯ ಮೇಲೆಯೇ ಗೋಡೆಗೆ ಒರಗಿಸಬೇಕು. ಅಕ್ಕನೂ ನಾನೂ ಅದರ ಬುಡದಲ್ಲಿ ಒಂದೇ ಕೌದಿಯ ಕೆಳಗೆ ಮೈ ಮುದುಡಿಕೊಂಡು ಮಲಗುತ್ತಿದ್ದೆವು. ಮೇಲಿಂದ ತೊಗಲಿಗೆ ತಿಕ್ಕಿದ ಔಡಲೆಣ್ಣೆಯ ಕಮಟು ವಾಸನೆ. ಇದನ್ನು ಹೊರಗೆ ಹಾಕದಿದ್ದರೆ ನಾನೇ ಹೊರಗೆ ಹೋಗುತ್ತೇನೆ ಎಂದು ಅವ್ವನ ಜೊತೆ ಜಗಳ ತೆಗೆಯುತ್ತಿದ್ದೆ. ಹೋಗು, ಹರಿಗೋಲು ಅನ್ನ ಕೊಡುತ್ತದೆ, ನೀನು ಬರೇ ತಿನ್ನುತ್ತೀ ಎಂದು ಅವ್ವ ಒಂದೇ ಮಾತಿಗೆ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿರಬೇಕು. ಅಕ್ಕನನ್ನು ನೋಡಲು ನರಗುಂದದ ಕಡೆಯವರು ಬಂದರು. ಗೋಡೆಗೆ ಒರಗಿದ್ದ ಹರಿಗೋಲನ್ನು ನೋಡಿ, ಇದನ್ನು ನಡೆಸುವವರು ಯಾರು ಎಂದು ಕೇಳಿದರು. ಅಪ್ಪ ಹೆಮ್ಮೆಯಿಂದ ಮಗಳ ಕಡೆ ಕೈ ತೋರಿಸಿದ. ಅವಲಕ್ಕಿ ತಿಂದು, ಚಹಾ ಕುಡಿದು ಹೋದವರು ಮರುವಾರ ಹೇಳಿ ಕಳಿಸಿದರು: ಹತ್ತು ಗಂಡಸರ ಎದುರು ಹೊಳೆಯಲ್ಲಿ ಹುಟ್ಟು ಹಾಕುವ ಹುಡುಗಿ ನಮ್ಮ ಮನೆತನಕ್ಕೆ ಹೊಂದುವುದಿಲ್ಲ. ಅಪ್ಪ ಎರಡು ದಿನ ಊಟ ಮುಟ್ಟದೆ ತಾಟಿನ ಮುಂದೆ ಕೂತೆದ್ದ.

ಮರುವರ್ಷದ ಬೇಸಿಗೆಯಲ್ಲಿ ಮುಶಿಗೇರಿಯಿಂದ ಮಾತು ಬಂತು. ಆ ಹುಡುಗನನ್ನು ಅಕ್ಕ ಒಂದು ಮದುವೆಯಲ್ಲಿ ಕಂಡಿದ್ದಳು, ಅವನೂ ಅವಳನ್ನು ಕಂಡಿದ್ದ. ಹುಡುಗ ಚೆನ್ನಾಗಿದ್ದಾನೆ ಎಂದು ನನ್ನ ಕಿವಿಯಲ್ಲಿ ಮಾತ್ರ ಹೇಳಿದಳು. ಅಷ್ಟು ಹೇಳುವುದಕ್ಕೇ ಅವಳ ಮುಖ ಕೆಂಪೇರಿತ್ತು. ಈ ಸಲ ಏನಾದರೂ ಆಗಲಿ, ಹರಿಗೋಲು ಅವರ ಕಣ್ಣಿಗೆ ಬೀಳಬಾರದು ಎಂದು ಅಪ್ಪ, ಅವ್ವ ಗಟ್ಟಿಮಾಡಿಕೊಂಡರು.

ಆದರೆ ಬಚ್ಚಿಡುವುದೆಲ್ಲಿ? ಗುಡಿಯ ಹಿಂದಿನ ಕೋಣೆ ಕೇಳಿದರೆ, ತೊಗಲಿನ ವಸ್ತು ಗುಡಿಯೊಳಗೆ ಬರುವ ಹಾಗಿಲ್ಲ ಎಂದರು ಪೂಜಾರಿ. ಪಕ್ಕದ ಮನೆಯವರು ಒಪ್ಪಿದರು, ಅವರ ನಾಯಿ ಒಪ್ಪಲಿಲ್ಲ. ಅರ್ಧ ದಿನದಲ್ಲಿ ಅಂಚಿನ ಹೊಲಿಗೆ ಕಡಿದು ಇಟ್ಟಿತ್ತು. ಮರಳಿ ಮನೆಗೇ ಹೊತ್ತು ತಂದೆವು.

ಆಗ ನನ್ನ ತಲೆ ಓಡಿತು. ಹರಿಗೋಲನ್ನು ಕಟ್ಟೆಯ ಮೇಲೆ ಬೋರಲು ಹಾಕೋಣ, ಅದರೊಳಗೆ ಹೊಟ್ಟಿನ ಚೀಲ ತುರುಕೋಣ, ಮೇಲೆ ಕಂಬಳಿ, ಅದರ ಮೇಲೆ ಜಮಖಾನ ಹಾಸಿ, ಹಿಂದೆ ಲೋಡು ಇಟ್ಟರೆ ಹಿರಿಯರಿಗೆ ಎತ್ತರದ ಆಸನವಾಗುತ್ತದೆ ಎಂದೆ. ಅಪ್ಪ ನನ್ನ ಬೆನ್ನು ತಟ್ಟಿದ. ಹುಟ್ಟಿದಂದಿನಿಂದ ನನಗೆ ಅವನು ಅಷ್ಟು ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಹಾಸಿದ ಮೇಲೆ ನೋಡಿದರೆ ದೇಸಾಯರ ವಾಡೆಯ ಗಾದಿಯ ಹಾಗೆಯೇ ಕಾಣುತ್ತಿತ್ತು.

ಒಂದು ಮಾತು ಮಾತ್ರ ಯಾರಿಗೂ ಹೊಳೆಯಲಿಲ್ಲ. ರೋಹಿಣಿ ಮಳೆ ಕೂಡುವ ಮೊದಲು ಹರಿಗೋಲಿಗೆ ಎಣ್ಣೆ ಕುಡಿಸುವುದು ನಮ್ಮಲ್ಲಿ ತಪ್ಪದ ಪದ್ಧತಿ. ಬೀಗರು ಬರಲಿ ಬಿಡಲಿ, ಅದು ಆಗಲೇಬೇಕು. ಮೂರು ದಿನದ ಹಿಂದಷ್ಟೇ ಅಕ್ಕ ಸೇರುಗಟ್ಟಲೆ ಔಡಲೆಣ್ಣೆ ಕಾಯಿಸಿ ತಿಕ್ಕಿದ್ದಳು. ತೊಗಲು ಇನ್ನೂ ಅದನ್ನು ಪೂರ್ತಿ ಕುಡಿದಿರಲಿಲ್ಲ.

ಮುಶಿಗೇರಿಯವರು ಬಂದರು. ಹುಡುಗ, ಅವನ ತಂದೆ, ಜೊತೆಗೆ ಇಬ್ಬರು. ಹುಡುಗನ ತಂದೆ ದೊಡ್ಡ ಆಳು, ತಲೆಗೆ ರುಮಾಲು, ಹಾಲಿನಂಥ ಬಿಳಿ ಧೋತರ. ಅಪ್ಪ ಅವರನ್ನು ಕೈಹಿಡಿದು ಆಸನದ ಮೇಲೆ ಕೂರಿಸಿದ. ಉಳಿದವರು ಕೆಳಗೆ ಕೂತರು. ಹಿರಿಯರು ಎರಡು ಸಲ ಮೂಗು ಏರಿಸಿ ಗಾಳಿ ಎಳೆದುಕೊಂಡರು. ಅಕ್ಕ ಬಂದು ನಮಸ್ಕಾರ ಮಾಡಿ ಕೂತಳು. ಅಡುಗೆ, ಕಸೂತಿ ಬರುತ್ತದೆಯೇ ಎಂದು ಕೇಳಿದ್ದಕ್ಕೆ ತಲೆ ಆಡಿಸಿದಳು. ಹುಡುಗ ಕದ್ದು ನೋಡಿ ನಕ್ಕ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಕೂಡಿತು ಅಂತಲೇ ನಾವೆಲ್ಲ ತಿಳಿದೆವು.

ಎಲೆ ಅಡಿಕೆ ಹಾಕಿಕೊಂಡು ಹಿರಿಯರು ಎದ್ದರು. ಎದ್ದು ತಿರುಗಿದರು. ಅಯ್ಯೋ ಶಿವನೇ! ಬೇಸಿಗೆಯ ಕಾವು, ಮೇಲೆ ಆ ದೊಡ್ಡ ದೇಹದ ಭಾರ. ಎಣ್ಣೆ ಕಂಬಳಿ ದಾಟಿ, ಜಮಖಾನ ದಾಟಿ, ಬಿಳಿ ಧೋತರದ ಹಿಂದೆ ರೊಟ್ಟಿಯಗಲ ಕಂದು ಕಲೆ ಮಾಡಿತ್ತು. ಜೊತೆಗೆ ಬಂದವನೊಬ್ಬ ಅದನ್ನು ನೋಡಿ ಕಣ್ಣರಳಿಸಿದ. ಹಿರಿಯರು ಹಿಂದೆ ಕೈ ಹಚ್ಚಿ, ಬೆರಳು ಮೂಸಿದರು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕನ ಮದುವೆಯನ್ನು ಈ ಸಲ ಮುರಿದವಳು ನಾನೇ.

ಎದ್ದು ನಿಂತವಳು ಅಕ್ಕ. ಕನ್ಯೆ ನೋಡಲು ಬಂದವರ ಮುಂದೆ ಹುಡುಗಿ ಕೇಳದೆ ಮಾತಾಡುವುದುಂಟೇ? ಅವಳು ಮಾತಾಡಿದಳು.

"ತಪ್ಪ ನಮ್ಮದರಿ ಯಜಮಾನ್ರ. ನೀವು ಕುಂತದ್ದು ನಮ್ಮ ಹರಗೋಲರಿ. ಎಣ್ಣಿ ಹಚ್ಚಿದಾಕಿ ನಾನು, ಹೊಳ್ಯಾಗ ನಡಸಾಕಿನೂ ನಾನ. ಗೊತ್ತಾದ್ರ ಒಲ್ಲೆ ಅಂತೀರಿ ಅಂತ ಮುಚ್ಚಿಟ್ಟಿವ್ರಿ."

ಹಿರಿಯರು ಜಮಖಾನ ಎತ್ತಿದರು, ಕಂಬಳಿ ಎತ್ತಿದರು. ಧೋತರದ ಚಿಂತೆ ಬಿಟ್ಟು ಕುಕ್ಕರುಗಾಲಲ್ಲಿ ಕೂತು ತೊಗಲಿನ ಮೇಲೆ ಕೈಯಾಡಿಸಿದರು. ನಾಯಿ ಕಡಿದ ಕಡೆ ಅಕ್ಕ ಹಾಕಿದ್ದ ಹೊಸ ಹೊಲಿಗೆಯನ್ನು ಬೆರಳಿನಿಂದ ಎಳೆದು ನೋಡಿದರು. ಬಾವಿಯಿಂದ ನೀರೆತ್ತುವ ನಮ್ಮ ಕಪಿಲಿಯ ತೊಗಲಿಗೂ ಇದೇ ಎಣ್ಣೆ ಹಚ್ಚುತ್ತೇವೆ, ಬಂದಾಗಲೇ ವಾಸನೆ ಹಿಡಿದಿದ್ದೆ, ಎಲ್ಲಿಂದ ಬರುತ್ತದೆ ಅಂತ ಮಾತ್ರ ತಿಳಿದಿರಲಿಲ್ಲ ಎಂದರು. ಆಮೇಲೆ ಅಕ್ಕನ ಮುಖ ನೋಡಿದರು.

"ನಮ್ಮೂರಾಗ ಹೊಳಿ ಇಲ್ಲ ಯವ್ವಾ. ಮಳಿ ಆದ್ರ ಹಳ್ಳ, ಇಲ್ಲಾಂದ್ರ ಅದೂ ಇಲ್ಲ. ಇದನ್ನ ಬಿಟ್ಟ ಬರ್ತೀಯೇನ?"

ಅಷ್ಟು ದಿನ ನಾವು ನಾಲ್ವರೂ ಹರಿಗೋಲನ್ನು ಎಲ್ಲಿಡಬೇಕು ಎಂದು ಒದ್ದಾಡಿದ್ದೆವು. ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಒಂದೇ ಕೌದಿಯಲ್ಲಿ ಮಲಗಿದವಳು.

ಅಕ್ಕನ ಕಣ್ಣಿಂದ ನೀರು ಇಳಿಯಿತು. "ಬಿಡಾಕ ಮನಸಿಲ್ರಿ," ಎಂದಳು. ಅಂಗೈಯಿಂದ ಕೆನ್ನೆ ಒರೆಸಿಕೊಂಡು, "ಆದ್ರ ಬರ್ತೀನ್ರಿ."

ಹಿರಿಯರು ಮೊಣಕಾಲ ಮೇಲೆ ಕೈಯೂರಿ ಎದ್ದು, ಬೀಗರೇ ಎಂದು ಅಪ್ಪನನ್ನು ಕರೆದರು. ಮುಹೂರ್ತದ ಮಾತು ಆಮೇಲೆ ಆಡೋಣ, ಮೊದಲು ಇದನ್ನು ಹೇಳಿ, ನಾಳೆ ಮಳೆ ಬಿದ್ದರೆ ನಿಮ್ಮನ್ನು ಆಚೆ ದಂಡೆಗೆ ದಾಟಿಸುವವರು ಯಾರು ಎಂದು ಕೇಳಿದರು. ಅಪ್ಪ ತನ್ನ ಸೊಟ್ಟ ಮೊಣಕಾಲನ್ನು ಸವರಿಕೊಂಡ.

"ನಾನ್ರೀ," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಆ ದೋಣಿ ಮನೆ ಬಿಟ್ಟು ಹೋದರೆ ಸಾಕು ಎಂದು ಜಗಳಾಡಿದವಳು ನಾನು. ಹೋಗುವವಳು ಅಕ್ಕ ಎಂಬುದು ಆಗ ಎದೆಗೆ ತಟ್ಟಿತ್ತು.

ಅಕ್ಕ ಬೆಳಗಿನಿಂದ ಮೊದಲ ಸಲ ನಕ್ಕಳು. "ಇಕೀನ? ಅಪ್ಪನ್ನ ನಡುಹೊಳ್ಯಾಗ ಗಿರಗಿರ ತಿರಗಸ್ತಾಳ್ರಿ," ಎಂದಳು. ಮುಶಿಗೇರಿಯವರೂ ನಕ್ಕರು, ಅಪ್ಪನೂ ನಕ್ಕ. ನಗುತ್ತಲೇ ಅವಳು ನನ್ನ ಕೈ ಹಿಡಿದುಕೊಂಡಳು. ಬೀಗರ ಚಕ್ಕಡಿ ಓಣಿಯ ತಿರುವು ದಾಟಿದ ಮೇಲೂ ಬಿಡಲಿಲ್ಲ.