ಶೇಂಗಾ ಚಟ್ನಿಯ ಕಮಲಾಬಾಯಿ

ಕಮಲಾಬಾಯಿಯವರಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ. ಶೇಂಗಾ ಕುಟ್ಟುವ ಯಂತ್ರದ ಸದ್ದಿನ ಮೇಲೆ ದನಿ ಎತ್ತಿ ಎತ್ತಿ, ಯಂತ್ರ ನಿಂತ ಮೇಲೂ ಅದೇ ದನಿ ಉಳಿದುಬಿಟ್ಟಿತ್ತು. ನನ್ನ ಆಫೀಸಿನ ಮೆಟ್ಟಿಲು ಹತ್ತುತ್ತಲೇ "ವಕೀಲ್ ಸಾಹೇಬ್ರ, ಇದ್ದೀರೇನ್ರಿ?" ಎಂದು ಕೂಗಿದರೆ ಕೆಳಗಿನ ಔಷಧದ ಅಂಗಡಿಯವನು ಹೊರಗೆ ಬಂದು ನೋಡುತ್ತಿದ್ದ.

ನಾನು ಅವರ ವಕೀಲನಲ್ಲ, ಅವರ ಅಣ್ಣ ಶಿವಪ್ಪನವರ ವಕೀಲ. ಸೋಲಾಪುರದಲ್ಲಿ 'ಸಂಗವ್ವ' ಶೇಂಗಾ ಚಟ್ನಿ ಗೊತ್ತಿಲ್ಲದವರಿಲ್ಲ. ತಾಯಿಯ ಹೆಸರಿನಲ್ಲಿ ಶಿವಪ್ಪ ಬೆಳೆಸಿದ ವ್ಯಾಪಾರ ಅದು. ತಂಗಿಯೂ ಅಲ್ಲೇ ದುಡಿದವರು. ಶೇಂಗಾ ಹುರಿಯುವ ಹದದ ವಿಷಯಕ್ಕೆ ಜಗಳಾಡಿ ಹೊರಬಿದ್ದು, ಅಕ್ಕಲಕೋಟದಲ್ಲಿ ಸ್ವಂತ ಅಂಗಡಿ ತೆರೆದರು. 'ಸಂಗಮ್ಮ' ಎಂಬ ಹೆಸರಿಗೆ, ಅಣ್ಣನದರಂಥದೇ ಕೆಂಪು ಲೇಬಲ್ಲಿಗೆ ಟ್ರೇಡ್‌ಮಾರ್ಕ್ ನೋಂದಣಿ ಕೇಳಿದರು. ಅದನ್ನು ವಿರೋಧಿಸಲು ಶಿವಪ್ಪ ನನ್ನ ಬಳಿ ಬಂದರು.

ವಿರೋಧದ ನೋಟೀಸು ತಲುಪಿದ ಮೇಲೆ ಕಮಲಾಬಾಯಿಯೂ ನೇರ ನನ್ನಲ್ಲಿಗೇ ಬಂದರು.

"ಅವ್ವ ಅಂವಗಷ್ಟ ಅವ್ವ ಏನ್ರಿ? ನನ್ನೂ ಹಡದಾಳಲ್ಲ?"

"ನಿಮ್ಮ ವಕೀಲರ ಕಡೆ ಮಾತಾಡ್ರಿ, ಕಾಕೂ," ಎಂದೆ.

"ಅವರಿಗೆ ಹೇಳೀನಿ. ನಿಮಗೂ ಗೊತ್ತಿರ್ಲಿ ಅಂತ ಬಂದೆ."

ಚಹಾ ಕುಡಿದು ಹೋದರು. ಆಮೇಲೆ ಸೋಲಾಪುರಕ್ಕೆ ಬಂದಾಗಲೆಲ್ಲ ಬರತೊಡಗಿದರು. ಕೇಸಿನ ಮಾತು ಬೇಡವೆಂದರೆ ಮನೆಯ ಎಮ್ಮೆಯ ಮಾತು ತೆಗೆಯುತ್ತಿದ್ದರು.

ಟ್ರೇಡ್‌ಮಾರ್ಕ್ ಅಧಿಕಾರಿಯ ಮುಂದೆ ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಎರಡು ಲೇಬಲ್ಲುಗಳ ಮೇಲೂ ಒಬ್ಬ ಹೆಂಗಸಿನ ಮುಖ: ಅಗಲ ಹಣೆ, ದೊಡ್ಡ ಕುಂಕುಮ, ತಲೆಯ ಮೇಲೆ ಸೆರಗು. ಹೆಸರಷ್ಟೇ ಅಲ್ಲ, ಚಿತ್ರವೂ ನಕಲು ಎಂದು ವಾದಿಸಿದೆ. ಅವರ ವಕೀಲರು ಬಾಯಿ ತೆರೆಯುವ ಮೊದಲೇ ಕಮಲಾಬಾಯಿ ಪರದೆಯತ್ತ ಬಾಗಿ ಮರಾಠಿಯಲ್ಲಿ ಕೂಗಿದರು. ಅವ್ವನದೊಂದು ಫೋಟೋ ಕೂಡ ಇರಲಿಲ್ಲ, 'ಸಂಗವ್ವ'ನ ಲೇಬಲ್ಲಿಗೆ ಚಿತ್ರಗಾರನ ಮುಂದೆ ಅಣ್ಣ ತಂಗಿಯಾದ ತನ್ನನ್ನೇ ಕೂರಿಸಿದ್ದ, ಅದು ತನ್ನ ಮುಖ ಎಂದರು.

ಅಧಿಕಾರಿ ಲೇಬಲ್ಲನ್ನು ನೋಡಿದರು, ಪರದೆಯನ್ನು ನೋಡಿದರು. ನಾನು ಪಕ್ಕದಲ್ಲಿದ್ದ ಶಿವಪ್ಪನವರತ್ತ ತಿರುಗಿದೆ.

"ಖರೆ ಐತಿ," ಎಂದರು ಅವರು, ನೆಲ ನೋಡುತ್ತ.

ಆದರೆ ಮುಖ ಯಾರದೆಂಬುದು ಅಲ್ಲಿ ಪ್ರಶ್ನೆಯಾಗಿರಲಿಲ್ಲ. ಇಷ್ಟು ವರ್ಷ ಜನ ಅದನ್ನು ಯಾರ ಸರಕಿನ ಗುರುತೆಂದು ಬಲ್ಲರು ಎಂಬುದಷ್ಟೇ ಪ್ರಶ್ನೆ. ಕೊಳ್ಳುವವರಿಗೆ ಗೊಂದಲವಾಗುತ್ತದೆಂದು ಆದೇಶ ಬಂತು. ಕಮಲಾಬಾಯಿಯವರ ಅರ್ಜಿ ತಿರಸ್ಕೃತವಾಯಿತು. ಗೆದ್ದ ಶಿವಪ್ಪ ಪೇಢೆ ತರಲಿಲ್ಲ. "ಆಕಿ ಅಪೀಲ್ ಮಾಡ್ತಾಳೇನ್ರಿ?" ಎಂದು ಎರಡು ಸಲ ಕೇಳಿದರು. ಮಾಡಲಿ ಎಂಬ ಆಸೆ ಇದ್ದಂತಿತ್ತು. ಕಮಲಾಬಾಯಿ ಮಾಡಲಿಲ್ಲ, ನನ್ನ ಆಫೀಸಿಗೂ ಮತ್ತೆ ಬರಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಅಕ್ಕಲಕೋಟದ ಅವರ ಅಂಗಡಿಯಲ್ಲಿ. ಪಾಕೀಟುಗಳ ಮೇಲೆ ಬಿಳಿ ಲೇಬಲ್ಲು, 'ಕಮಲಾ' ಎಂಬ ಹೆಸರು, ಚಿತ್ರವಿರಲಿಲ್ಲ. ಅಲ್ಲಿನ ಗುಡಿಯಲ್ಲಿ ದರ್ಶನ ಮುಗಿಸಿ ಬಂದ ಪರ ಊರಿನ ಹೆಂಗಸೊಬ್ಬಳು ಒಂದನ್ನು ತಿರುವಿ ನೋಡಿ, "ಹೆಣ್ಣಮಗಳ ಚಿತ್ರ ಇರೋದು ಬೇಕಾಗಿತ್ರಿ," ಎಂದಳು.

"ಅದು ನಮ್ಮ ಅಣ್ಣಂದ್ರಿ. ಸೋಲಾಪುರ ಸ್ಟ್ಯಾಂಡಿನ್ಯಾಗ ಸಿಗತೈತಿ. ಚೊಲೋ ಇರತೈತಿ, ತಗೋರಿ."

ಹೆಂಗಸು ಅವರತ್ತ ಸರಿಯಾಗಿ ನೋಡಲೂ ಇಲ್ಲ. ಪಾಕೀಟು ಇಟ್ಟು ಬಸ್ಸಿಗೆ ನಡೆದಳು. ಕಮಲಾಬಾಯಿ ಅದನ್ನು ಸಾಲಿಗೆ ಸರಿಸಿ, ನನ್ನ ಕಡೆ ತಿರುಗಿದರು.

"ಅಣ್ಣ ಆರಾಮ ಇದ್ದಾನೇನ್ರಿ?"